ಉಗುರಿನ ಸೂತ್ರ

ಕೌಲ್ ಬಜಾರಿನ ಹೈಸ್ಕೂಲಿನಲ್ಲಿ
ಪರಮಾಣು ಬಿಡಿಸಲು ನನ್ನ ಹತ್ತಿರ
ಬಿಳಿ ಸೀಮೆಸುಣ್ಣ ಮಾತ್ರ.
ನಡುವೆ ಒಂದು ಚುಕ್ಕೆ, ಸುತ್ತ ಮೂರು ಬಳೆ,
ಬಳೆಗಳ ಮೇಲೆ ಇಲೆಕ್ಟ್ರಾನಿನ ಕಾಳು.
ಬಳೆ ಅನ್ನುವುದು ಸುಳ್ಳು, ಗೊತ್ತು.
ಹತ್ತನೇ ಕ್ಲಾಸಿಗೆ ಅಷ್ಟು ಸುಳ್ಳು ಸಾಕು.

ಕಳಕೊಂಡರೆ ಧನ ಅಯಾನು,
ಇಸಕೊಂಡರೆ ಋಣ ಅಯಾನು ಅಂದೆ.
ಹಿಂದಿನ ಬೆಂಚು ನಕ್ಕಿತು:
"ಕಳಕೊಂಡ್ರ ಹೆಂಗ್ರೀ ಮೇಡಂ ಧನ?"
ಮೊದಲನೆಯದನ್ನು ಯಾರೂ ನಂಬಲಿಲ್ಲ.
ಎರಡನೆಯದು
ಒಂದೇ ಸಲಕ್ಕೆ ಬಾಯಿಪಾಠ.

ಮಾಬುನ್ನಿ ಮಾತ್ರ ನಗಲಿಲ್ಲ.
ಎದ್ದು ನಿಂತು ಎರಡೂ ಕೈ ಚಾಚಿದಳು
ಹಬ್ಬದ ಮರುದಿನ ಮದರಂಗಿ ತೋರಿಸುವ ಹಾಗೆ.
ಹತ್ತೂ ಉಗುರು ಕಂದು,
ಹುರಿದ ಶೇಂಗಾದ ಸಿಪ್ಪೆಯ ಬಣ್ಣ.
"ಇದರ ಸೂತ್ರ ಏನ್ರೀ?"

ಭಾನುವಾರ ತಾಯಿಯ ಜೊತೆ
ಜೀನ್ಸ್ ವಾಷಿಂಗ್ ಯೂನಿಟ್ಟಿಗೆ ಹೋಗುತ್ತಾಳೆ.
ರಬ್ಬರಿನ ಕಾಲುಗಳಿಗೆ ಪ್ಯಾಂಟು ತೊಡಿಸಿ
ಗಾಳಿ ತುಂಬಿ ನಿಲ್ಲಿಸಿ
ತೊಡೆಗೆ, ಮಂಡಿಗೆ ಪಿಪಿ ಹೊಡೆಯುವುದು.
ಇನ್ನೂ ಯಾರೂ ಮಡಚದ ಮಂಡಿಗೆ
ಹತ್ತು ವರ್ಷದ ಸವೆತ ಬರಿಸುವ ಕೆಲಸ.
ಗ್ಲೌಸು ಬಂದ ವಾರ ಗ್ಲೌಸು.
ಬಾರದ ವಾರ ಉಗುರು.

ಅಷ್ಟರಲ್ಲಿ ಬೆಲ್ಲು ಹೊಡೆಯಿತು.
ಹೊಡೆದದ್ದೇ ಒಳ್ಳೆಯದಾಯಿತು, ನನಗೆ ನೆನಪಿರಲಿಲ್ಲ.

ರಾತ್ರಿ ಓದಿಕೊಂಡು, ಮರುದಿನ ಬರೆದೆ:
ಮ್ಯಾಂಗನೀಸು ಒಂದು, ಆಕ್ಸಿಜನ್ನು ನಾಲ್ಕು,
ನೆತ್ತಿಯ ಬಲಕ್ಕೆ ಒಂದು ಋಣದ ಗೆರೆ.
ನೋಡಿ, ನಾಲ್ವರು ಸಾಹುಕಾರರ ನಡುವೆ
ಏಳು ಕಳಕೊಂಡು ನಿಂತಿದ್ದಾನೆ ಇವನು.
ನೇರಳೆ ಬಣ್ಣ ಇವನ ಸಿಟ್ಟು.
ಜೀನ್ಸಿನ ನೀಲಿ ಸಿಕ್ಕರೆ ಅಲ್ಲಿಂದ
ಮೂರು ಕಿತ್ತುಕೊಳ್ಳುತ್ತಾನೆ.
ನೀಲಿ ಬಿಳಚಿಕೊಳ್ಳುತ್ತದೆ,
ಇವನ ಸಿಟ್ಟೂ ಇಳಿಯುತ್ತದೆ.
ಏಳರಲ್ಲಿ ಮೂರು ಕಳೆದರೆ?
"ನಾಲ್ಕು" ಅಂತ ಇಡೀ ಕ್ಲಾಸು.
ನಾಲ್ಕಕ್ಕೆ ಎರಡು ಆಕ್ಸಿಜನ್ನು ಸಾಕು.
ಎಂ ಎನ್ ಓ ಟು. ಕಂದು.
ಉಗುರಿನಿಂದ ಏನು ಕಿತ್ತನೋ
ಅದನ್ನು ಬೋರ್ಡಿಗೆ ಬರೆಯಲಿಲ್ಲ.

ಸಂಡೂರಿನ ಗುಡ್ಡದೊಳಗೆ
ಇದೇ ಸೂತ್ರ ಕರಿಕಲ್ಲಾಗಿ ಮಲಗಿದೆ.
ಲಾರಿ ಹತ್ತಿ, ಎಲ್ಲೋ ಬೆಂದು,
ಪೊಟ್ಯಾಸಿಯಂ ಕೂಡಿ ಹರಳಾಗಿ
ಡಬ್ಬಿಯಲ್ಲಿ ತಿರುಗಿ ಬಳ್ಳಾರಿಗೇ ಬಂದು
ಉಗುರಿನ ಮೇಲೆ ಮತ್ತೆ ಕಲ್ಲಾಯಿತೇ?
ಹೇಳಲಾಗದು.
ಮ್ಯಾಂಗನೀಸು ಒಂಟಿ ಸಂತಾನ,
ನಿಸರ್ಗದಲ್ಲಿ ಅದಕ್ಕೆ ಐಸೋಟೋಪು ಒಂದೇ, ಐವತ್ತೈದು.
ಯಾವ ಗುಡ್ಡದ್ದೆಂದು ಕೇಳಿದರೂ
ಅದೇ ಮುಖ ತೋರಿಸುತ್ತದೆ.

ಬ್ಲೀಚಿನ ಡ್ರಮ್ಮಿನ ಕ್ಲೋರಿನ್ನು ಹಾಗಲ್ಲ.
ಮೂರು ಪಾಲು ಮೂವತ್ತೈದರವು,
ಒಂದು ಪಾಲು ಮೂವತ್ತೇಳರವು.
ಒಂದೇ ಹೆಸರು, ಒಂದೇ ಕೆಲಸ,
ಹೊಟ್ಟೆಯೊಳಗೆ ಎರಡು ನ್ಯೂಟ್ರಾನು ಹೆಚ್ಚುಕಮ್ಮಿ.
ಪುಸ್ತಕ ಮಾತ್ರ ಮೂವತ್ತೈದೂವರೆ ಅನ್ನುತ್ತದೆ.
"ಮೂವತ್ತೈದೂವರೆ ಇರೋದು ಒಂದನ್ನ ತೋರಸ್ರೀ" ಅಂದಳು.
ಒಂದೂ ಇಲ್ಲ ಮಗಾ, ಅದು ಸರಾಸರಿ.
"ಹಂಗಂದ್ರ ನಮ್ಮ ಯೂನಿಟ್ಟಿನ ಕೂಲಿ ಇದ್ದಂಗ.
ಬೋರ್ಡಿನ ಮ್ಯಾಲ ಐತಿ,
ಯಾರ ಕೈಗೂ ಬಂದಿಲ್ಲ."

ಬುಧವಾರ ಬಂದಾಗ ಉಗುರು ಸ್ವಚ್ಛ.
ಜ್ಯೂಸಿನ ಗಾಡಿಯವ ಹಿಂಡಿ ಬಿಟ್ಟ
ನಿಂಬೆಯ ಹೋಳಿನಿಂದ ತಾಯಿ ತಿಕ್ಕಿದ್ದಳಂತೆ.
ನಾಲ್ಕಿದ್ದದ್ದು ಎರಡಾಗಿ
ನೀರಿನಲ್ಲಿ ಬಣ್ಣಗೆಟ್ಟು ಕರಗಿತ್ತು.
ಈ ಪಾಠ ಆ ತಾಯಿ
ನನಗಿಂತ ಮೊದಲೇ ಮುಗಿಸಿದ್ದಳು.

ಕಂದು ಎಲ್ಲಿ ಹೋಯಿತು ಅಂತ ಕೇಳಿದೆ.
"ಹೋಗಿಲ್ರೀ. ಕಾಣಂಗಿಲ್ಲ, ಅಷ್ಟ."
ಕೈ ನೋಡಿಕೊಂಡಳು.
"ಬರೋ ಆಯ್ತವಾರ ಮತ್ತ ಬರ್ತಾವು."

ಬೋರ್ಡು ಒರೆಸಿದೆ.
ನನ್ನ ಬೆರಳಿಗೂ ಒಂದು ಸೂತ್ರ ಅಂಟಿತ್ತು,
ಬೆಳ್ಳಗೆ,
ಊದಿದರೆ ಹಾರಿಹೋಗುವಂಥದ್ದು.